ಸಂಬಳದ ಕೆಲಸ, ಬರವಣಿಗೆಯ ಕೆಲಸ

ಹೊಟ್ಟೆಪಾಡಿಗೊಂದು ನೌಕರಿ ಇರಲಿ, ಬರವಣಿಗೆ ಹೇಗೋ ನಡೆಯುತ್ತದೆ. ಕತೆ ಬರೆಯಲು ಹೊರಟ ಹುಡುಗ ಹುಡುಗಿಯರಿಗೆ ಹಿರಿಯರು ಹೇಳುತ್ತ ಬಂದ ಬುದ್ಧಿಮಾತು ಇದು. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಬರೆಯುವವರಿಗೆ ಮಾಡುವ ಅನ್ಯಾಯ.

ನಿಜದ ಭಾಗಕ್ಕೆ ಯಶವಂತ ಚಿತ್ತಾಲರೇ ಸಾಕ್ಷಿ. ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ ಪಾಲಿಮರ್ ತಂತ್ರಜ್ಞರಾಗಿ ದುಡಿದವರು ಅವರು. ನೌಕರಿಯಲ್ಲಿದ್ದಾಗಲೇ 1979ರಲ್ಲಿ ‘ಶಿಕಾರಿ’ ಬಂತು. ದೊಡ್ಡ ಕಂಪನಿಯೊಂದರ ಅಧಿಕಾರಿ ನಾಗಪ್ಪ ಅಮಾನತುಗೊಂಡು ತಲ್ಲಣಿಸುವ ಕಾದಂಬರಿ ಅದು. ಕಂಪನಿಯೊಳಗಿನ ಭಯವನ್ನು ಹೊರಗೆ ನಿಂತು ಊಹಿಸಲಾಗದು. ಕೆಟ್ಟ ಸುದ್ದಿಯ ಪತ್ರ ಕೊಡುವ ಮೇಲಧಿಕಾರಿ ನಮ್ಮ ಮುಖ ನೋಡುವುದಿಲ್ಲ. ಮೇಜಿನ ಮೇಲಿನ ಪೇಪರ್‌ವೇಟನ್ನು ಸುಮ್ಮನೆ ತಿರುಗಿಸುತ್ತಿರುತ್ತಾನೆ. ನಿನ್ನೆಯವರೆಗೆ ಜೊತೆಗೆ ಚಹಾ ಕುಡಿದವನು ಇಂದು ಫೈಲಿನಲ್ಲಿ ಮುಳುಗಿದವನಂತೆ ನಟಿಸುತ್ತಾನೆ. ವರ್ಷಗಟ್ಟಲೆ ಆ ಕುರ್ಚಿಯಲ್ಲಿ ಕೂತವರಿಗೆ ಇದು ಮೈಗೆ ಹತ್ತಿದ ತಿಳಿವಳಿಕೆ. ವಕೀಲಿ ವೃತ್ತಿಯ ಬಾನು ಮುಷ್ತಾಕ್ ಅವರ ಕತೆಗಳ ಹಿಂದೆಯೂ, ನ್ಯಾಯ ಕೇಳಿಕೊಂಡು ಬಂದ ಹೆಣ್ಣುಮಕ್ಕಳ ಅಳಲನ್ನು ಹತ್ತಿರದಿಂದ ಕೇಳಿದ ಕಿವಿಯಿದೆ ಎಂದು ನನಗನ್ನಿಸುತ್ತದೆ.

ಅನುಭವ ಕೊಡುವ ನೌಕರಿಯೇ ಸಮಯವನ್ನು ಕಿತ್ತುಕೊಳ್ಳುತ್ತದೆ. ಮಾಸ್ತಿಯವರನ್ನು ನೋಡಿ. ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದಷ್ಟು ಕಾಲ ಸಣ್ಣಕತೆಗಳನ್ನು ಬರೆಯುತ್ತ ಬಂದರು. ‘ಚನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಎಂಬ ದೊಡ್ಡ ಕಾದಂಬರಿಗಳೆರಡೂ ಬಂದದ್ದು 1943ರಲ್ಲಿ ರಾಜೀನಾಮೆ ಕೊಟ್ಟ ಮೇಲೆ. ಇದು ಆಕಸ್ಮಿಕವಲ್ಲ ಎಂದೇ ನನ್ನ ವಾದ. ಸಣ್ಣಕತೆಯನ್ನು ಒಂದು ಭಾನುವಾರದಲ್ಲಿ ಹಿಡಿದು ನಿಲ್ಲಿಸಬಹುದು. ಕಾದಂಬರಿ ಹಾಗಲ್ಲ. ನೂರು ಪುಟದ ಹಿಂದೆ ಒಬ್ಬಳು ಅರ್ಧಕ್ಕೆ ನಿಲ್ಲಿಸಿದ ಮಾತು, ಇನ್ನೊಬ್ಬನ ಮನಸ್ಸಿನಲ್ಲಿ ಉಳಿದ ಕಹಿ, ಯಾರಿಗೆ ಯಾವ ಗುಟ್ಟು ಗೊತ್ತು ಎಂಬುದೆಲ್ಲ ಬರೆಯುವವರ ತಲೆಯಲ್ಲಿ ಒಟ್ಟಿಗೆ ಜೀವಂತವಾಗಿರಬೇಕು. ವಾರವಿಡೀ ಕಚೇರಿಗೆ ಹೋಗಿ ಬಂದವರು ಭಾನುವಾರ ಕೂತರೆ ಅದನ್ನೆಲ್ಲ ನೆನಪಿಗೆ ತಂದುಕೊಳ್ಳುವಷ್ಟರಲ್ಲೇ ಮಧ್ಯಾಹ್ನವಾಗುತ್ತದೆ. ಚಿತ್ತಾಲರಂಥವರು ಅದನ್ನೂ ಗೆದ್ದರು. ಹಾಗೆ ಗೆಲ್ಲಲಾಗದವರ ಕಾದಂಬರಿಗಳು ನಮ್ಮ ಲೆಕ್ಕಕ್ಕೇ ಬಂದಿಲ್ಲ.

ಮನೆಗೆಲಸವನ್ನು ನೌಕರಿಯೆಂದು ನಾವು ಎಣಿಸುವುದೇ ಇಲ್ಲ. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದಾಗ ಅವರ ವಯಸ್ಸು ನಲವತ್ತೈದು ದಾಟಿತ್ತು. ‘ಫಣಿಯಮ್ಮ’ ಬರೆದ ಕೈ ಅಷ್ಟು ವರ್ಷ ಯಾವ ಯಾವ ಕೆಲಸದಲ್ಲಿತ್ತು ಎಂದು ಕೇಳುವ ವಿಮರ್ಶೆ ನಮ್ಮಲ್ಲಿ ಕಡಿಮೆ. ಜೀವನಾನುಭವ ಪಕ್ವವಾಯಿತು ಎಂದು ಹೊಗಳಿ ಮುಂದೆ ಹೋಗುತ್ತೇವೆ. ಆ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಬರವಣಿಗೆಯನ್ನೇ ನಂಬಿ ಬದುಕಬಹುದೇ? ಅ.ನ.ಕೃ. ಬದುಕಿ ತೋರಿಸಿದರು, ಅದಕ್ಕೆ ನೂರಕ್ಕೂ ಹೆಚ್ಚು ಕಾದಂಬರಿ ಬರೆಯಬೇಕಾಯಿತು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇಂದಿನ ಲೆಕ್ಕವನ್ನೂ ಮಾಡಿ ನೋಡಿ: ಮುನ್ನೂರು ರೂಪಾಯಿಯ ಪುಸ್ತಕ, ಶೇ. 10 ಗೌರವಧನ, ಸಾವಿರ ಪ್ರತಿ. ಎಲ್ಲವೂ ಖರ್ಚಾದರೆ ಕೈಗೆ ಬರುವುದು ಮೂವತ್ತು ಸಾವಿರ. ಮೂರು ವರ್ಷ ಬರೆದ ಕಾದಂಬರಿಗೆ ಇದು ತಿಂಗಳಿಗೆ ಸಾವಿರ ರೂಪಾಯಿಯೂ ಆಗುವುದಿಲ್ಲ.

ಲೇಖಕರಿಗೆ ಶಾಲು, ಹಾರ ಬೇಡ. ಪ್ರಕಾಶಕರು ಲೆಕ್ಕವನ್ನು ವರ್ಷವರ್ಷ ತೋರಿಸಲಿ, ಪತ್ರಿಕೆಗಳು ಕತೆಗೆ ಹೊತ್ತಿಗೆ ಸರಿಯಾಗಿ ಹಣ ಕೊಡಲಿ. ನೀವು ಮೆಚ್ಚಿದ ಕಾದಂಬರಿಯ ಪಿಡಿಎಫ್ ಕೇಳಬೇಡಿ, ಒಂದು ಪ್ರತಿ ಕೊಳ್ಳಿ.