ಕಿಡಿಯ ಸಂದು

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ನಮ್ಮ ದನಗಳಿಲ್ಲದ ಕೊಟ್ಟಿಗೆಯಲ್ಲಿ ಟೆಸ್ಲಾ ಸುರುಳಿ ಕಟ್ಟಲು ಕೂತ. 1891ರಲ್ಲಿ ನಿಕೋಲಾ ಟೆಸ್ಲಾ ರೂಪಿಸಿದ, ಮನೆಯೊಳಗೇ ಮಿಂಚು ಹುಟ್ಟಿಸುವ ಯಂತ್ರ ಅದು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ನಾನು ಸುಮ್ಮನಿರುವುದುಂಟೇ? ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತೆ. ಪೇಟೆಯಲ್ಲಿ ಬೋರ್ಡ್ ಮಾಡುವವರೊಬ್ಬರು, ನಿಯಾನ್ ದೀಪಗಳ ಕಾಲ ಮುಗಿದ ಮೇಲೆ ಅಟ್ಟ ಸೇರಿದ್ದ 9000 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನು ಒರೆಸಿ ಕೊಟ್ಟರು. "ಜೋಪಾನ ಮೇಷ್ಟ್ರೇ, ವಾಪಸ್ ಬೇಕು" ಎಂದರು.

ಈ ಯಂತ್ರದ ಮರ್ಮವೆಲ್ಲ ಒಂದು ಸಂದಿನಲ್ಲಿದೆ. ಟ್ರಾನ್ಸ್‌ಫಾರ್ಮರು ಕೆಪಾಸಿಟರಿಗೆ ವಿದ್ಯುತ್ತು ತುಂಬುತ್ತದೆ. ಎರಡು ತಾಮ್ರದ ಕೊಳವೆಗಳ ನಡುವಿನ ಗಾಳಿ ಅದನ್ನು ತಡೆದು ನಿಲ್ಲಿಸುತ್ತದೆ. ಒತ್ತಡ ಮಿಲಿಮೀಟರಿಗೆ ಸುಮಾರು 3000 ವೋಲ್ಟ್ ಮುಟ್ಟಿದಾಗ ಗಾಳಿ ಸೋಲುತ್ತದೆ. ಚಟ್ಟನೆ ಕಿಡಿ ಹಾರಿ, ಕೂಡಿಟ್ಟದ್ದೆಲ್ಲ ಒಮ್ಮೆಗೇ ಸುರುಳಿಗೆ ನುಗ್ಗುತ್ತದೆ. ಸಂದು ಕಿರಿದಾದರೆ ಕೆಪಾಸಿಟರು ತುಂಬುವ ಮೊದಲೇ ಕಿಡಿ; ಗದ್ದಲ ಬಹಳ, ಮಿಂಚು ಬೆರಳುದ್ದ. ಹಿಗ್ಗಿಸಿದಷ್ಟೂ ಮಿಂಚು ಬೆಳೆಯುತ್ತದೆ. ಅತಿಯಾಗಿ ಹಿಗ್ಗಿಸಿದರೆ ಕಿಡಿ ಹಾರುವುದೇ ಇಲ್ಲ. ಏರಿದ ಒತ್ತಡ ಟ್ರಾನ್ಸ್‌ಫಾರ್ಮರಿನ ಒಡಲನ್ನೇ ಸೀಳುತ್ತದೆ. ಇನ್ನೊಂದು ಮಾತು: ಹಾರಿದ ಕಿಡಿ ಬೇಗ ಆರಲೂಬೇಕು. ಇಲ್ಲವಾದರೆ ಮೇಲಿನ ಸುರುಳಿಗೆ ದಾಟಿದ ಶಕ್ತಿ ಹಿಂದಕ್ಕೆ ಹರಿದುಬರುತ್ತದೆ.

ಅಳತೆ ಗೊತ್ತುಮಾಡಲು ಒಂದು ಪದ್ಧತಿಯಿದೆ. ಕೆಪಾಸಿಟರನ್ನು ಬಿಚ್ಚಿಟ್ಟು, ಸಂದನ್ನು ಟ್ರಾನ್ಸ್‌ಫಾರ್ಮರಿಗಷ್ಟೇ ಜೋಡಿಸಿ, ಅದು ತಪ್ಪದೆ ಕಿಡಿ ಹಾರಿಸಬಲ್ಲ ಅಗಲವನ್ನು ಹುಡುಕಬೇಕು. ಆಮೇಲೆ ಅದನ್ನು ಮೀರಕೂಡದು. ಹುಡುಗ ಪ್ರತಿಸಲವೂ ಪ್ಲಗ್ ಕಿತ್ತು, ಉದ್ದ ಕೋಲಿಗೆ ಕಟ್ಟಿದ ತಂತಿಯಿಂದ ಕೆಪಾಸಿಟರು ಬರಿದುಮಾಡಿಯೇ ಸ್ಕ್ರೂ ಮುಟ್ಟುತ್ತಿದ್ದ. ಅಳತೆ ಸಿಕ್ಕಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದ.

ಸಂಜೆ ನೆರೆಹೊರೆಯವರು ಬರುವವರಿದ್ದರು. ಗೇಣುದ್ದದ ಮಿಂಚು ನನಗೆ ಸಾಲದೆನಿಸಿತು. ಅವನು ಕಾಫಿಗೆಂದು ಒಳಗೆ ಹೋದಾಗ ಗೆರೆ ದಾಟಿಸಿ ಸ್ಕ್ರೂ ತಿರುಗಿಸಿದೆ. ಎಲ್ಲರೆದುರು ಒಮ್ಮೆ ದೊಡ್ಡ ಮಿಂಚೆದ್ದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಮರುಗಳಿಗೆ ಡಾಂಬರು ಸುಟ್ಟ ವಾಸನೆ. ಆಮೇಲೆ ಸದ್ದಿಲ್ಲ. ಬೋರ್ಡಿನವರೂ ಅಲ್ಲೇ ಇದ್ದರು. "ನನ್ನ ಲೆಕ್ಕ ತಪ್ಪಿತೇನೋ" ಎಂದು ಹುಡುಗ ತಲೆ ತಗ್ಗಿಸಿದ. ನಾನು ಸುಮ್ಮನಿದ್ದೆ.

ತಾಳಿದವನು ಬಾಳಿಯಾನು ಎಂದು ಕೇಳುತ್ತ ಬೆಳೆದವರು ನಾವು. ತಡೆದುಕೊಳ್ಳುವುದು ದೊಡ್ಡ ಗುಣವೆಂದು ನಂಬಿ, ಹೇಳಬೇಕಾದ್ದನ್ನು ಹೇಳದಿರುವುದನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ತಾಳಬೇಕು, ನಿಜ, ತುಂಬದ ಮಾತು ಬರೀ ಚಟಪಟ. ಆದರೆ ಎಷ್ಟು? ನನಗೆ ಎಷ್ಟು ದೊಡ್ಡ ಮಿಂಚು ಬೇಕು ಎಂಬುದರಿಂದ ಸಂದನ್ನು ಅಳೆಯುವುದಲ್ಲ. ಭಾರ ಹೊತ್ತದ್ದು ಎಷ್ಟು ತಡೆದೀತು ಎಂಬುದರಿಂದ ಅಳೆಯಬೇಕು. ಆ ರಾತ್ರಿ ನನ್ನ ಮೌನದ ಭಾರ ಹೊತ್ತವನು ನಾನಲ್ಲ, ಊಟ ಬಿಟ್ಟು ಲೆಕ್ಕದ ಹಾಳೆ ಮತ್ತೆ ಮತ್ತೆ ತಿರುವುತ್ತಿದ್ದ ಆ ಹುಡುಗ.

ಬೆಳಿಗ್ಗೆ ಬೋರ್ಡಿನವರ ಮನೆಗೆ ಹೋಗಿ ನಡೆದದ್ದು ಹೇಳಿ, ದುಡ್ಡು ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. "ಹುಡುಗನಿಗೆ ಹೇಳಿದಿರಾ?" ಎಂದು ಕೇಳಿದರು.

ಹೇಳಿರಲಿಲ್ಲ. ದುಡ್ಡಿನಲ್ಲಿ ತೀರುವ ಕಡೆಗೇ ಮೊದಲು ಹೋಗಿದ್ದೆ. ಮನೆಗೆ ಬಂದು ಹೇಳಿದೆ. ನೆರೆಯವರು, ಮಕ್ಕಳು, ಅವರ ಉತ್ಸಾಹ ಎಂದೆಲ್ಲ ಸಮಜಾಯಿಷಿ ನಾಲಿಗೆಯ ತುದಿಗೆ ಬಂತು. ಅಲ್ಲಿಗೇ ನಿಲ್ಲಿಸಿದೆ. ಅವನು ಬಹಳ ಹೊತ್ತು ಆ ಪೆನ್ಸಿಲಿನ ಗೆರೆಯನ್ನೇ ನೋಡುತ್ತ ಕೂತ. ಆಮೇಲೆ, "ಹೇಳಿದ್ದು ಒಳ್ಳೆಯದಾಯ್ತು ಮಾವ. ಗೆರೆಯೇ ತಪ್ಪು ಅಂದುಕೊಂಡು ಅಳಿಸುವವನಿದ್ದೆ" ಎಂದ.