ನಿಧಾನದ ವಿದ್ಯೆ

ಶಕ್ತಿಯುಳ್ಳವನ ಯೋಗ್ಯತೆಯನ್ನು ಅಳೆಯಬೇಕಾದದ್ದು ಅವನು ಆ ಶಕ್ತಿಯನ್ನು ಪೂರ್ತಿಯಾಗಿ ಹರಿಯಬಿಟ್ಟಾಗಲೋ, ಅಥವಾ ಅದನ್ನು ಹಿಡಿದು ನಡೆಸುವಾಗಲೋ? ಪ್ರಶ್ನೆ ಹಳೆಯದು. ರಾಜನೀತಿಜ್ಞರೂ ವೇದಾಂತಿಗಳೂ ತಂತಮ್ಮ ರೀತಿಯಲ್ಲಿ ಇದನ್ನು ವಿಚಾರಿಸಿದ್ದಾರೆ. ಕನ್ನಡದ ಮೇಷ್ಟರಾದ ನಾನು ಇದನ್ನು ಮೋಟಾರ್ ಸೈಕಲ್ಲಿನ ಬಳಿಗೆ ತಂದು ನಿಲ್ಲಿಸಿದರೆ ಓದುಗರು ನಗಬಹುದು. ನಗಲಿ, ನಂಗಲಿಯಲ್ಲಿ ಹೆದ್ದಾರಿಯ ಪಕ್ಕದಲ್ಲೇ ವಾಸವಾಗಿರುವವನಿಗೆ ಬೇರೆ ದೃಷ್ಟಾಂತವನ್ನು ಹುಡುಕಿಕೊಂಡು ಹೋಗುವ ಶ್ರಮವೇಕೆ?

ನಂಗಲಿ ಗಡಿಯ ಊರು. ಹೊಯ್ಸಳ ವಿಷ್ಣುವರ್ಧನನ ಬಿರುದಾವಳಿಯಲ್ಲಿ ತಲಕಾಡು, ಕೊಂಗುಗಳ ಜೊತೆಗೆ ಇದರ ಹೆಸರೂ ಬರುತ್ತದೆ. ಮುಳಬಾಗಿಲನ್ನು ದಾಟಿ ಪಲಮನೇರಿನ ಕಡೆಗೆ ಹೋಗುವ ರಸ್ತೆ ಇಲ್ಲಿಂದಾಚೆಗೆ ಆಂಧ್ರವನ್ನು ಸೇರುತ್ತದೆ. ಭಾನುವಾರ ಬೆಳಗಾಯಿತೆಂದರೆ ಬೆಂಗಳೂರಿನ ಕಡೆಯಿಂದ ಭಾರಿ ಮೋಟಾರ್ ಸೈಕಲ್ಲುಗಳು ಸಾಲುಗಟ್ಟಿ ಬರುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಿಂದ ೧೯೯೬ರವರೆಗೆ ತಯಾರಿಸಿದ ಜಾವಾ, ಯೆಜ್ದಿಗಳನ್ನು ಕಂಡು ಬೆರಗಾದವರು ನಾವು. ಬುಲೆಟ್ ಬಂತೆಂದರೆ ಬೀದಿಯೇ ತಿರುಗಿ ನೋಡುತ್ತಿತ್ತು. ಈಗ ದೂರಪ್ರಯಾಣಕ್ಕೆಂದೇ ಮಾಡಿದ ಹೊಂಡಾ ಗೋಲ್ಡ್ ವಿಂಗ್, ದೊಡ್ಡ ಹಾರ್ಲೆಗಳಂಥವು ೩೫೦ ಕಿಲೋ ಮೀರಿ ತೂಗುತ್ತವೆ. ಹೆದ್ದಾರಿಯಲ್ಲಿ ಇವುಗಳ ಓಟ ಗಂಭೀರ. ಆದರೆ ತಿಂಡಿಗೆಂದು ಊರೊಳಕ್ಕೆ ತಿರುಗಿದೊಡನೆ ಎಷ್ಟೋ ಮಂದಿ ವೀರರ ಎರಡು ಕಾಲುಗಳೂ ನೆಲವನ್ನು ತಡಕತೊಡಗುತ್ತವೆ!

ಇದಕ್ಕೆ ಕಾರಣವುಂಟು. ವೇಗದಲ್ಲಿರುವ ಗಾಡಿ ಬಹುಮಟ್ಟಿಗೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಒಂದು ಪಕ್ಕಕ್ಕೆ ವಾಲಿದರೆ ಮುಂದಿನ ಚಕ್ರ ತಾನಾಗಿ ಆ ಕಡೆಗೇ ತಿರುಗಿ ಅದನ್ನು ನೆಟ್ಟಗೆ ಮಾಡುತ್ತದೆ. ಚಕ್ರ ಬುಗುರಿಯ ಹಾಗೆ ಸುತ್ತುವುದರಿಂದಲೇ ಹೀಗಾಗುತ್ತದೆಂದು ಬಹುಕಾಲ ಹೇಳುತ್ತಿದ್ದರು. ಆ ಸುತ್ತಿನ ಬಲವಿಲ್ಲದೆಯೂ ತನ್ನಷ್ಟಕ್ಕೆ ಬೀಳದೆ ಓಡುವ ಸೈಕಲನ್ನು ಹಾಲೆಂಡ್ ಮತ್ತು ಅಮೆರಿಕದ ವಿಜ್ಞಾನಿಗಳು ೨೦೧೧ರಲ್ಲಿ ಮಾಡಿ ತೋರಿಸಿದರು. ಅದೇನೇ ಇರಲಿ, ಗಾಡಿ ಕಾಲ್ನಡಿಗೆಯ ವೇಗಕ್ಕೆ ಇಳಿದಾಗ ಈ ನೆರವು ನಿಂತುಹೋಗುತ್ತದೆ. ಆಮೇಲೆ ಉಳಿಯುವವನು ಸವಾರನೊಬ್ಬನೇ. ಅಷ್ಟು ಹೊತ್ತು ಗಾಡಿಯನ್ನು ನಿಲ್ಲಿಸಿದ್ದು ತನ್ನ ಕೌಶಲವೋ ವೇಗವೋ ಎಂಬುದು ಆಗ ಗೊತ್ತಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ಗಾಡಿ ಕೊಂಡಿದ್ದಾನೆ. ಬಡಾವಣೆಗೆಂದು ಸಮಮಾಡಿದ ಬಯಲಿನಲ್ಲಿ ತೆಂಗಿನ ಚಿಪ್ಪುಗಳನ್ನಿಟ್ಟು ಅವುಗಳ ನಡುವೆ ಬಳಸಿ ಬಳಸಿ ಓಡಿಸುತ್ತಾನೆ. “ಏನಪ್ಪಾ, ಇಷ್ಟು ದೊಡ್ಡ ಗಾಡಿ ಇಟ್ಟುಕೊಂಡು ಆಮೆಯ ಹಾಗೆ ಹೋಗುತ್ತೀಯಲ್ಲ?” ಎಂದೆ. “ಓಡಿಸೋದು ಒಂದು ದಿನದಲ್ಲಿ ಬಂತು ಸಾರ್, ಆಮೆ ಹಾಗೆ ಹೋಗೋದು ಇನ್ನೂ ಬಂದಿಲ್ಲ” ಎಂದ. ಕ್ಲಚ್ಚನ್ನು ಪೂರ್ತಿ ಬಿಡದೆ, ಪೂರ್ತಿ ಹಿಡಿಯದೆ ನಡುವೆ ಆಡಿಸಬೇಕು. ಎಂಜಿನ್ನಿನ ದನಿ ಏರಿಳಿಯಬಾರದು. ಹಿಂದಿನ ಬ್ರೇಕನ್ನು ಮೃದುವಾಗಿ ಒತ್ತಿರಬೇಕು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕನ್ನು ಮುಟ್ಟಬಾರದು. ಗಾಡಿ ಒಳಕ್ಕೆ ವಾಲಿದರೆ ಮೈಯ ಭಾರವನ್ನು ಹೊರಕ್ಕೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ದೃಷ್ಟಿ. “ಚಿಪ್ಪನ್ನ ನೋಡಿದರೆ ಚಿಪ್ಪಿನ ಮೇಲೇ ಹೋಗತ್ತೆ ಸಾರ್, ಹೋಗಬೇಕಾದ ಕಡೆ ನೋಡಬೇಕು.”

ಇದರಲ್ಲಿ ಹೊಸದೇನಿದೆ? ಶಾಲೆಯ ಕ್ರೀಡೋತ್ಸವದ ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಕಾಲೂರದೆ ಕಡೆಯಲ್ಲಿ ಬಂದವನಿಗೇ ಬಹುಮಾನ. ಲೈಸೆನ್ಸಿಗಾಗಿ ಎಲ್ಲರೂ ಒಮ್ಮೆ ‘ಎಂಟು’ ಹಾಕಿದವರೇ. ಪರೀಕ್ಷೆ ಮುಗಿದೊಡನೆ ಛಂದಸ್ಸನ್ನು ಮರೆಯುವಂತೆ ಅದನ್ನೂ ಮರೆಯುತ್ತೇವೆ, ಅಷ್ಟೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಮೊಪೆಡ್ಡಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ಹೋಗುವ ರೈತನಿಗೆ ಈ ಸಾಧನೆಯೇನೂ ಬೇಕಿಲ್ಲವಲ್ಲ; ಭಾರಿ ಗಾಡಿ ಕೊಳ್ಳದಿದ್ದರೆ ಈ ತೊಡಕೇ ಇರುತ್ತಿರಲಿಲ್ಲವಲ್ಲ? ನಿಜ. ಆದರೆ ಬೇಡುವುದು ತಪ್ಪೆಂದು ನಾನು ಹೇಳಲಾರೆ. ಬಲವನ್ನು ಬಯಸುವುದು ಮನುಷ್ಯಸ್ವಭಾವ. ನನಗೆ ತೋರುವುದಿಷ್ಟು: ಭಾರವನ್ನು ತಾನಾಗಿ ಆರಿಸಿಕೊಂಡವನು ಅದರ ಜೊತೆಗೆ ಒಂದು ಸಾಲವನ್ನೂ ಹೊತ್ತುಕೊಳ್ಳುತ್ತಾನೆ. ಸಂತೆಯ ಇಕ್ಕಟ್ಟಿನಲ್ಲಿ ಟೊಮೇಟೊ ಬುಟ್ಟಿ ಹೊತ್ತ ಅಜ್ಜಿ ಆ ೩೫೦ ಕಿಲೋವನ್ನು ಆರಿಸಿಕೊಂಡವಳಲ್ಲ. ಅದರ ಸುಖದಲ್ಲಿ ಅವಳಿಗೆ ಪಾಲಿಲ್ಲ. ಹಾರಿ ಪಕ್ಕಕ್ಕೆ ಸರಿಯುವ ಕೆಲಸವನ್ನು ಅವಳ ಪಾಲಿಗೆ ಬಿಡುವುದು ಯಾವ ನ್ಯಾಯ? ಅವಳ ಪಕ್ಕದಲ್ಲಿ, ಅವಳ ನಡಿಗೆಯಲ್ಲಿ, ಅಲುಗದೆ ಹೋಗಬಲ್ಲ ವಿದ್ಯೆ ಸವಾರನ ಶೋಕಿಯಲ್ಲ. ಅವಳಿಗೆ ಸಲ್ಲಬೇಕಾದ ಋಣ.

ಈ ಋಣ ಸವಾರರಿಗೆ ಮಾತ್ರ ಅಂಟಿದ್ದಲ್ಲ. ಗಡಿಸೀಮೆಯ ನನ್ನ ತರಗತಿಯಲ್ಲಿ ಮನೆಯಲ್ಲಿ ತೆಲುಗಾಡುವ ಹುಡುಗರು ಬಹಳ. ಪದ್ಯವನ್ನು ಓಟದಲ್ಲಿ ವಿವರಿಸಿದಾಗ ನಾನು ಸೊಗಸಾದ ಅಧ್ಯಾಪಕ. ಮಾತಿನ ವೇಗವೇ ನನ್ನನ್ನು ಎತ್ತಿಹಿಡಿಯುತ್ತದೆ. ಹಿಂದಿನ ಬೆಂಚಿನವನೊಬ್ಬ ಒಂದು ಪದದ ಅರ್ಥ ಕೇಳಿ, ನಾನು ಅವನ ನಡಿಗೆಗೆ ಇಳಿಯಬೇಕಾದಾಗ ನನ್ನ ಪರೀಕ್ಷೆ ಮೊದಲಾಗುತ್ತದೆ. ಕಚೇರಿಯ ಅಧಿಕಾರಿಗೆ ಗುಮಾಸ್ತನೆದುರಿನಲ್ಲಿ, ತಂದೆಗೆ ಮಗುವಿನೆದುರಿನಲ್ಲಿ ಆಗುವುದೂ ಇದೇ ಪರೀಕ್ಷೆ. ಕೈಲಾಗದವನ ನಿಧಾನ ಬೇರೆ, ಕೈಲಾಗುವವನು ಕಲಿತ ನಿಧಾನ ಬೇರೆ. ಮೊದಲನೆಯದು ಸ್ಥಿತಿ, ಎರಡನೆಯದು ಶೀಲ.

‘ಸಾವಧಾನ’ ಎಂಬ ಮಾತು ಸಂಸ್ಕೃತದಲ್ಲಿ ‘ಗಮನವಿಟ್ಟು’ ಎಂದೇ ಅರ್ಥ ಕೊಡುತ್ತದೆ. ಕನ್ನಡದ ಬಾಯಿಗೆ ಬಂದಾಗ ಅದಕ್ಕೆ ‘ಮೆಲ್ಲಗೆ’ ಎಂಬ ಅರ್ಥವೂ ಸೇರಿಕೊಂಡಿತು. ಗಮನವಿಟ್ಟವನು ಮೆಲ್ಲಗಾಗುತ್ತಾನೆ, ಮೆಲ್ಲಗಾದವನಿಗೆ ಪಕ್ಕದಲ್ಲಿರುವವರು ಕಾಣಿಸುತ್ತಾರೆ ಎಂಬುದನ್ನು ನಮ್ಮ ಹಿರಿಯರು ಆಡುಮಾತಿನಲ್ಲೇ ಕಂಡುಕೊಂಡಿದ್ದರೆಂದು ತೋರುತ್ತದೆ. ಎಷ್ಟು ವೇಗವಾಗಿ ಹೋಗಬಲ್ಲೆ ಎಂದು ಯಂತ್ರವನ್ನು ಕೇಳಿದರೆ ಸಾಕು. ಎಷ್ಟು ಮೆಲ್ಲಗೆ ಹೋಗಬಲ್ಲೆ ಎಂಬುದನ್ನು ಮಾತ್ರ ಪ್ರತಿಯೊಬ್ಬನೂ ತನ್ನನ್ನೇ ಕೇಳಿಕೊಳ್ಳಬೇಕು.