ಎಚ್ಚರಿಕೆ ಯಾರಿಗೆ?

ಎಐ ಏಜೆಂಟ್‌ನ ಕೈಗೆ ಫೈಲ್ ಬರೆಯುವ ಟೂಲ್ ಕೊಡುವಾಗ ಅದರ ಜೊತೆ ಹೋಗುವುದು ಇಷ್ಟೇ: ಟೂಲ್‌ನ ಹೆಸರು, ಅದು ಏನು ಮಾಡುತ್ತದೆ ಎಂಬ ನಾಲ್ಕು ಸಾಲಿನ ವಿವರಣೆ, ಯಾವ ಫೈಲ್‌ಗೆ ಏನನ್ನು ಬರೆಯಬೇಕು ಎಂದು ತುಂಬಬೇಕಾದ ಜಾಗಗಳು. ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲೂ ಇದೇ ಕ್ರಮ. ಟೂಲ್‌ನ ಒಳಗಿನ ಕೋಡ್ ಏಜೆಂಟ್‌ಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಅದು ನಂಬಿ ನಡೆಯುವುದು ಆ ನಾಲ್ಕು ಸಾಲನ್ನೇ.

ಅಂಥ ವಿವರಣೆಗಳಲ್ಲಿ ಮತ್ತೆಮತ್ತೆ ಕಾಣುವ ಮಾತೊಂದಿದೆ: ‘ಎಚ್ಚರಿಕೆಯಿಂದ ಬಳಸಿ’. ಏಜೆಂಟ್‌ಗೆ ಇದನ್ನು ಹೇಳಿ ಪ್ರಯೋಜನವಿಲ್ಲ, ಹೇಳಿದವರ ಹೊಣೆಯೂ ಇದರಿಂದ ಇಳಿಯುವುದಿಲ್ಲ ಎಂಬುದು ನನ್ನ ವಾದ.

1971ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್‌ನ ಮೊದಲ ಕೈಪಿಡಿ ಬರೆದಾಗ, ಕಮಾಂಡ್‌ಗಳ ದೋಷಗಳನ್ನು ಹೇಳುವುದಕ್ಕೆಂದೇ ಒಂದು ಭಾಗ ಇಟ್ಟಿದ್ದರು. ಅದನ್ನು ಓದುವವರು ಮನುಷ್ಯರು. ಅನುಮಾನ ಬಂದರೆ ಪಕ್ಕದವರನ್ನು ಕೇಳುತ್ತಿದ್ದರು; ಹಿಂದೊಮ್ಮೆ ಬರೆದದ್ದೆಲ್ಲ ಅಳಿಸಿಹೋಗಿ ಸಂಕಟಪಟ್ಟ ನೆನಪು ಅವರಿಗಿರುತ್ತಿತ್ತು. ಎಚ್ಚರಿಕೆಯ ಮಾತಿಗೆ ಬಲ ಬರುವುದು ಇಂಥ ನೆನಪಿನಿಂದ, ನಾಳೆ ಉತ್ತರ ಹೇಳಬೇಕಾದೀತೆಂಬ ಅಳುಕಿನಿಂದ. ‘ಮೊದಲೇ ಹೇಳಿದ್ದೆವಲ್ಲ’ ಎಂದು ಬರೆದವರು ಕೈತೊಳೆದುಕೊಳ್ಳಬಹುದಾಗಿದ್ದೂ ಅದಕ್ಕೇ. ಏಜೆಂಟ್ ಹಾಗಲ್ಲ. ಯಾರಾದರೂ ಬೇರೆ ವ್ಯವಸ್ಥೆ ಮಾಡದಿದ್ದರೆ ನಿನ್ನೆ ಕೆಡಿಸಿದ್ದು ಇಂದು ಅದರ ಮುಂದೆ ಇರುವುದಿಲ್ಲ. ನಷ್ಟವಾದಾಗ ಅದನ್ನು ಕರೆದು ನಿಲ್ಲಿಸಿ ಕೇಳುವುದೂ ಆಗದು. ಹಾಗಾಗಿ ಹೊಣೆ ಟೂಲ್ ಮಾಡಿದವರಿಗೆ, ವಿವರಣೆ ಬರೆದವರಿಗೆ ವಾಪಸ್ ಬರುತ್ತದೆ.

ಕೆಡುವುದು ಹೇಗೆಂದು ನೋಡಿ. ನಾನೂರು ಸಾಲಿನ ಫೈಲ್‌ನಲ್ಲಿ ಒಂದು ಸಾಲು ತಿದ್ದಬೇಕು. ಏಜೆಂಟ್ ತಿದ್ದಿದ ಭಾಗವನ್ನಷ್ಟೇ ಬರೆದು, ಮಿಕ್ಕ ಕಡೆ ‘ಉಳಿದದ್ದು ಮೊದಲಿನಂತೆಯೇ’ ಎಂಬ ಒಂದು ಟಿಪ್ಪಣಿ ಹಾಕಿ ಕಳಿಸುತ್ತದೆ. ಮನುಷ್ಯ ಓದುಗನಿಗೆ ಅದು ಸಾಕು. ಟೂಲ್ ಮಾತ್ರ ಆ ಟಿಪ್ಪಣಿಯನ್ನೂ ಅಕ್ಷರಶಃ ಫೈಲ್‌ಗೆ ಇಳಿಸುತ್ತದೆ. ಹಳೆಯ ಸಾಲುಗಳು ಹೋದಂತೆಯೇ. ಇಲ್ಲಿ ಬೇಕಿದ್ದುದು ಎಚ್ಚರಿಕೆಯಲ್ಲ, ಸಂಗತಿ: ‘ನೀನು ಕೊಟ್ಟಷ್ಟೇ ಫೈಲ್‌ನಲ್ಲಿ ಉಳಿಯುತ್ತದೆ, ಮೊದಲಿದ್ದದ್ದು ಪೂರ್ತಿ ಅಳಿಯುತ್ತದೆ, ಸ್ವಲ್ಪವೇ ತಿದ್ದುವುದಿದ್ದರೆ ತಿದ್ದುವ ಟೂಲ್ ಬಳಸು.’

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಅಪಾಯವಿದೆ. ವಿಂಡೋಸ್‌ನಲ್ಲಿ ಯುಟಿಎಫ್-8 ಎಂದು ಹೇಳದೆ ಹೋದರೆ ಪೈಥಾನ್ ಬಹುಕಾಲ ಸಿಸ್ಟಂನ ಹಳೆಯ ಎನ್‌ಕೋಡಿಂಗನ್ನೇ ಹಿಡಿಯುತ್ತಿತ್ತು. ಬರೆಯಲೆಂದು ತೆರೆದ ಕ್ಷಣವೇ ಹಳೆಯ ಫೈಲ್ ಬರಿದಾಗುತ್ತದೆ. ಆಮೇಲೆ ಆ ಎನ್‌ಕೋಡಿಂಗ್‌ನಲ್ಲಿಲ್ಲದ ಕನ್ನಡ ಅಕ್ಷರ ಎದುರಾಗಿ ಬರಹ ಅರ್ಧಕ್ಕೇ ನಿಲ್ಲುತ್ತದೆ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಎಷ್ಟು ಎಚ್ಚರದ ಏಜೆಂಟ್ ಆದರೂ ಇದನ್ನು ವಿವರಣೆ ಓದಿ ತಪ್ಪಿಸಲಾರದು. ಎನ್‌ಕೋಡಿಂಗ್ ಯಾವುದೆಂದು ಕೋಡ್‌ನಲ್ಲೇ ಗೊತ್ತುಮಾಡಿ, ತಾತ್ಕಾಲಿಕ ಫೈಲ್‌ಗೆ ಮೊದಲು ಬರೆದು, ಬರಹ ಮುಗಿದ ಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರಬೇಕು. ಇದು ಮಾತಿನಿಂದ ಆಗುವ ಕೆಲಸವಲ್ಲ.

ಕೋಡೇ ಕಾಯುವ ಮಾದರಿಗಳು ಇವೆ. ಪೈಥಾನ್ 2012ರಲ್ಲಿ, 3.3ನೇ ಆವೃತ್ತಿಯಲ್ಲಿ, ಫೈಲ್ ಆಗಲೇ ಇದ್ದರೆ ಬರೆಯಲು ಒಪ್ಪದ ಕ್ರಮವೊಂದನ್ನು ಸೇರಿಸಿತು. ಈಗಿನ ಕೆಲವು ಕೋಡಿಂಗ್ ಏಜೆಂಟ್‌ಗಳಲ್ಲಿ, ಇರುವ ಫೈಲನ್ನು ಮೊದಲು ಓದದೆ ಅದರ ಮೇಲೆ ಬರೆಯಹೋದರೆ ಟೂಲೇ ತಡೆಯುತ್ತದೆ. ಆಗ ವಿವರಣೆ ಗೋಗರೆಯಬೇಕಿಲ್ಲ. ನಡೆಯುವುದನ್ನು ಹೇಳಿದರೆ ಸಾಕು.

ಹಾಗಾದರೆ ವಿವರಣೆಯನ್ನು ಒಂದೇ ಸಾಲಿಗೆ ಇಳಿಸಬಹುದಲ್ಲ ಎನ್ನಬಹುದು. ನಾನು ಒಪ್ಪುವುದಿಲ್ಲ. ‘ಮೊದಲು ಓದು’ ಎಂಬ ನಿಯಮದ ಜೊತೆ ಕಾರಣವೂ ಇರಬೇಕು: ನೀನು ಕೊನೆಯ ಸಲ ನೋಡಿದ ಮೇಲೆ ಮನುಷ್ಯರು ಆ ಫೈಲನ್ನು ತಿದ್ದಿರಬಹುದು. ಕಾರಣ ತಿಳಿದಿದ್ದರೆ, ನಿಯಮ ಬರೆದವರು ಊಹಿಸದ ಸಂದರ್ಭದಲ್ಲೂ ಏಜೆಂಟ್ ಅದನ್ನು ಹಿಡಿದು ಯೋಚಿಸಬಲ್ಲದು.

ಟೂಲ್ ಕೊಡುವ ಉತ್ತರವೂ ವಿವರಣೆಯೇ. ‘ಬರೆದಾಯಿತು’ ಎಂದರೆ ಏಜೆಂಟ್ ಮುಂದಿನ ಕೆಲಸಕ್ಕೆ ಹೋಗುತ್ತದೆ. ‘412 ಸಾಲಿದ್ದ ಫೈಲ್‌ನಲ್ಲಿ ಈಗ 38 ಸಾಲುಗಳಿವೆ, ಹಳೆಯ ಪ್ರತಿ ಇಂಥ ಕಡೆ ಇದೆ’ ಎಂದರೆ ನಿಂತು ನೋಡಿ, ಹಿಂದಕ್ಕೆ ಹೋಗಲು ದಾರಿಯಿದೆ. ಆದರೆ ಆ ಸಾಲಿನ ಎರಡನೆಯ ಅರ್ಧ ಬರೆಯಬೇಕಾದರೆ, ಹಳೆಯ ಪ್ರತಿಯನ್ನು ಉಳಿಸುವ ಕೋಡನ್ನು ಯಾರಾದರೂ ಅದಕ್ಕೂ ಮೊದಲು ಬರೆದಿರಬೇಕು.